ನೆಲದಡಿ ಕೊಪ್ಪರಿಗೆ ಇಟ್ಟು ಡಾಂಬರನ್ನ ಎಣ್ಣೆ ಮಾಡೋ ಕೆಲಸ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಫೋರ್ಟ್ ಮೆಕ್‌ಮರ್ರಿ ಊರು ದಾಟಿ ಸ್ವಲ್ಪ ಉತ್ತರಕ್ಕೆ ಹೋಗಿ ಅಥಾಬಾಸ್ಕಾ ನದಿ ದಂಡೇಲಿ ಜುಲೈ ತಿಂಗಳ ಮಧ್ಯಾಹ್ನ ನಿಂತ್ರೆ ಮೊದಲು ಮೂಗಿಗೆ ಬಡಿಯೋದು, ನಮ್ಮೂರಲ್ಲಿ ರಸ್ತೆಗೆ ಹೊಸದಾಗಿ ಟಾರ್ ಹಾಕ್ದಾಗ ಬರತ್ತಲ್ಲ, ಅದೇ ವಾಸನೆ. ಬಿಸಿಲಿಗೆ ದಂಡೆ ಕಪ್ಪಗೆ ಬೆವರ್ತಾ ಇರತ್ತೆ. ನಾನು ಮೊದಲ ಸಲ ಹೋದಾಗ ಒಂದು ಹಿಡಿ ಮರಳು ಕಿತ್ತು ಕೈಯಲ್ಲಿ ಹಿಸುಕಿ ನೋಡಿದೆ, ಉದುರಲೇ ಇಲ್ಲ, ಎಳ್ಳುಂಡೆ ಕಟ್ಟಿದ ಹಾಗೆ ಗಟ್ಟಿಯಾಗಿ ನಿಂತ್ಕೊಂಡ್ತು, ಬೆರಳ ಸಂದಿಗೆ ಹತ್ತಿದ್ದು ಎರಡು ದಿನ ಸೋಪು ಹಾಕಿ ಉಜ್ಜಿದ್ರೂ ಹೋಗ್ಲಿಲ್ಲ. ಅಲ್ಲಿನ ಮೂಲನಿವಾಸಿ ಜನ ಇದನ್ನೇ ಮರದ ಅಂಟಿನ ಜೊತೆ ಕಲಸಿ ದೋಣಿ ಸೀಳಿಗೆ ಮೆತ್ತಿಕೊಳ್ತಿದ್ರು, ಶತಮಾನಗಳಿಂದ.

ಇದು ಬಿಟ್ಯುಮೆನ್. ನಾವು ಡಾಂಬರು ಅಂತೀವಲ್ಲ, ಹೆಚ್ಚುಕಮ್ಮಿ ಅದೇ, ಆದ್ರೆ ನೆಲದಲ್ಲೇ ಹಾಗೆ ಸಿಗೋದು. ಆಲ್ಬರ್ಟಾದಲ್ಲಿ ಇವತ್ತಿನ ಟೆಕ್ನಾಲಜೀಲಿ ತೆಗೀಬಹುದು ಅಂತ ಲೆಕ್ಕ ಹಾಕಿರೋದೇ ಸುಮಾರು 16,000 ಕೋಟಿ ಬ್ಯಾರೆಲ್. ಅದ್ರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಮೇಲಿಂದ ಅಗೆದು ತೆಗೆಯೋ ಅಷ್ಟು ಹತ್ತಿರ ಇದೆ, ಉಳಿದ ನಾಲ್ಕು ಪಾಲು ಆಳದಲ್ಲಿ, ಅಲ್ಲಿಗೆ ಸಲಿಕೆ ಮುಟ್ಟಲ್ಲ. ನಾನು ಕ್ಯಾಲ್ಗರಿಗೆ ಬಂದು ಇಷ್ಟು ವರ್ಷ ಈ ನಾಲ್ಕು ಪಾಲಿನ ಹಿಂದೇನೇ ಇದೀನಿ, ಅದಕ್ಕೆ ಇವತ್ತು ಅದರ ಬಗ್ಗೆ ಕೂತು ಬರೆಯೋಣ ಅನ್ನಿಸ್ತು.

ನಾನು ಸಾಗರದ ಕಡೆಯವನು. ನಮ್ಮಲ್ಲಿ ಜೋನಿ ಬೆಲ್ಲ ಗೊತ್ತಿಲ್ಲದೋರು ಯಾರಿದ್ದಾರೆ. ಚಳಿಗಾಲದ ಬೆಳಿಗ್ಗೆ ಡಬ್ಬಿ ಬಗ್ಗಿಸಿದ್ರೆ ಇಳಿಯಲ್ಲ, ಒಲೆ ಪಕ್ಕ ಇಟ್ರೆ ಹತ್ತು ನಿಮಿಷಕ್ಕೆ ದಾರದ ಹಾಗೆ ಇಳಿಯತ್ತೆ. ಬಿಟ್ಯುಮೆನ್ನೂ ಹಾಗೇ, ಆದ್ರೆ ಅದಕ್ಕಿಂತ ಎಷ್ಟೋ ಪಟ್ಟು ಹಠಮಾರಿ. ನೆಲದೊಳಗಿನ ತಣ್ಣನೆ ಸ್ಥಿತಿಲಿ ಅದರ ಸ್ನಿಗ್ಧತೆ, ಅಂದ್ರೆ ಹರಿಯೋಕೆ ಒಡ್ಡೋ ತಡೆ, ನೀರಿನ ಹತ್ತು ಲಕ್ಷ ಪಟ್ಟು ದಾಟತ್ತೆ. ತೂಕದ ಲೆಕ್ಕ ಎಪಿಐ ಡಿಗ್ರಿಲಿ ಹೇಳ್ತಾರೆ, ನೀರಿಗೆ 10, ಹಗುರ ಆದಷ್ಟೂ ನಂಬರ್ ಜಾಸ್ತಿ, ಒಳ್ಳೆ ಕಚ್ಚಾ ತೈಲ 30ರ ಮೇಲೆ ಇರತ್ತೆ, ಅಥಾಬಾಸ್ಕಾದ್ದು ಸುಮಾರು 8. ಅಂದ್ರೆ ನೀರಿಗೆ ಹಾಕಿದ್ರೆ ಮುಳುಗತ್ತೆ. ಎಣ್ಣೆ ನೀರಲ್ಲಿ ಮುಳುಗತ್ತೆ ಅಂತ ಅಪ್ಪಯ್ಯನಿಗೆ ಹೇಳಿದ್ರೆ ಮೊದಲು ನಂಬಲೇ ಇಲ್ಲ.

ಈಗ ಇದನ್ನ ಹೆಂಗೆ ತೆಗೀತಾರೆ ಅಂದ್ರೆ ಹಬೆ ಕೊಟ್ಟು. ರೋಜರ್ ಬಟ್ಲರ್ ಅನ್ನೋ ಎಂಜಿನಿಯರ್ ಕೊಟ್ಟ ಐಡಿಯಾ, ಸ್ಯಾಗ್‌ಡಿ ಅಂತ ಕರೀತಾರೆ. ನೆಲದಡಿ ಒಂದರ ಮೇಲೊಂದು ಸುಮಾರು 5 ಮೀಟರ್ ಅಂತರದಲ್ಲಿ ಎರಡು ಅಡ್ಡ ಬಾವಿ, ಒಂದೊಂದೂ ಒಂದು ಕಿಲೋಮೀಟರ್ ಹತ್ರ ಉದ್ದ, ಮೇಲಿನದ್ರಲ್ಲಿ 200 ಡಿಗ್ರಿ ಮೀರಿದ ಹಬೆ ಬಿಡೋದು, ಬಿಸಿಗೆ ಕರಗಿದ್ದು ತನ್ನ ಭಾರಕ್ಕೆ ತಾನೇ ಕೆಳಗಿನ ಬಾವಿಗೆ ಇಳಿಯತ್ತೆ. ಚೆಂದದ ಉಪಾಯ. ಆದ್ರೆ ಒಂದು ಬ್ಯಾರೆಲ್ ಎಣ್ಣೆಗೆ ಎರಡು-ಮೂರು ಬ್ಯಾರೆಲ್ ನೀರನ್ನ ಹಬೆ ಮಾಡ್ಬೇಕು, ಅದಕ್ಕೆ ಮೇಲೆ ಗ್ಯಾಸ್ ಉರಿಸ್ಬೇಕು. ಇಷ್ಟೆಲ್ಲ ಮಾಡಿ ಮೇಲೆ ಬಂದದ್ದೂ ಮತ್ತೆ ತಣ್ಣಗಾದ್ರೆ ಅದೇ ಡಾಂಬರು! ಪೈಪಲ್ಲಿ ಹರಿಯಲಿ ಅಂತ ತೆಳ್ಳಗಿನ ಎಣ್ಣೆ ಬೆರೆಸ್ತಾರೆ, ನೂರರಲ್ಲಿ ಸುಮಾರು ಮೂವತ್ತು ಪಾಲು ಆ ಬೆರಕೆನೇ. ಇಲ್ಲಾಂದ್ರೆ ಅಪ್‌ಗ್ರೇಡರ್ ಅನ್ನೋ ದೈತ್ಯ ಕಾರ್ಖಾನೆಗೆ ಕಳಿಸಿ ಅಲ್ಲಿ ದೊಡ್ಡ ಅಣುಗಳನ್ನ ಮುರಿದು, ಗಂಧಕ ತೆಗೆದು ಹಗುರ ಮಾಡ್ತಾರೆ. ಅಂಥ ಒಂದು ಕಾರ್ಖಾನೆ ಇರೋ ಮಿಲ್ಡ್ರೆಡ್ ಲೇಕ್ ಹತ್ರ ಹೋದ್ರೆ ಹಾಗೆ ತೆಗೆದ ಗಂಧಕನ ಹಳದಿ ಮೆಟ್ಟಿಲು ಮೆಟ್ಟಿಲಾಗಿ ಪಿರಮಿಡ್ ಥರ ಒಟ್ಟಿರೋದು ಕಾಣತ್ತೆ, ಬಿಟ್ಯುಮೆನ್ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ನೂರಕ್ಕೆ ಐದು ಪಾಲು ಗಂಧಕ ಅಲ್ವಾ.

ನನಗೆ ಈ ಹಾದಿಲಿ ಸದಾ ಕಾಡೋ ಪ್ರಶ್ನೆ ಇದು. ನೆಲದಡಿ ಇದ್ದಾಗ ಬಿಸಿ ಮಾಡ್ತೀವಿ, ಮೇಲೆ ತಂದು ತಣ್ಣಗೆ ಮಾಡ್ತೀವಿ, ಮತ್ತೆ ಕಾರ್ಖಾನೇಲಿ 400 ಡಿಗ್ರಿಗೆ ಬಿಸಿ ಮಾಡ್ತೀವಿ. ಯಾಕೆ? ಕೆಳಗಡೆ ಬಂಡೆ ಇದೆ, ಒತ್ತಡ ಇದೆ, ಶಾಖನ ಹಿಡಿದಿಟ್ಕೊಳ್ಳೋ ಗುಣ ಇದೆ. ರಿಫೈನರಿಲಿ ಕೋಟಿಗಟ್ಟಲೆ ಸುರಿದು ಕಟ್ಟೋ ರಿಯಾಕ್ಟರ್, ಅಂದ್ರೆ ರಾಸಾಯನಿಕ ಕ್ರಿಯೆ ನಡೆಸೋ ಕೊಪ್ಪರಿಗೆ, ಅಲ್ಲಿ ಆಗ್ಲೇ ಇದೆ. ಕೆಲಸ ಅಲ್ಲೇ ಮುಗಿಸಿ ಮೇಲೆ ಬರೋದೇ ಹರಿಯೋ ಎಣ್ಣೆ ಆದ್ರೆ, ಭಾರದ ಕರಕಲು, ಲೋಹ, ಗಂಧಕದ ಒಂದಷ್ಟು ಪಾಲು ಅಲ್ಲೇ ಉಳಿದ್ರೆ?

ಇದನ್ನ ಕನಸಿನ ಹಂತ ದಾಟಿಸಿದೋರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಬಾತ್ ಯೂನಿವರ್ಸಿಟಿಯ ಮಾಲ್ಕಮ್ ಗ್ರೀವ್ಸ್. ಅವರ ವಿಧಾನಕ್ಕೆ ಥಾಯ್ ಅಂತ ಹೆಸರು, ಕಾಲ್ಬೆರಳಿಂದ ಹಿಮ್ಮಡಿಗೆ ಗಾಳಿ ಊದೋದು ಅನ್ನೋ ಅರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಅಡ್ಡ ಬಾವಿನ ಒಂದು ಪಾದ ಅಂದ್ಕೊಳ್ಳಿ, ಅದರ ತುದಿ ಕಾಲ್ಬೆರಳು, ಮೇಲಕ್ಕೆ ತಿರುಗೋ ಜಾಗ ಹಿಮ್ಮಡಿ. ಬೆರಳ ತುದಿ ಹತ್ರ ಇನ್ನೊಂದು ನೆಟ್ಟಗಿನ ಬಾವಿ ಕೊರೆದು, ಮೊದಲು ಹಬೆ ಕೊಟ್ಟು ಬೆಚ್ಚಗೆ ಮಾಡಿ, ಆಮೇಲೆ ಗಾಳಿ ಊದ್ತಾರೆ. ನೆಲದಡಿ ಬೆಂಕಿ ಹೊತ್ಕೊಳತ್ತೆ. ಉರಿ 500-600 ಡಿಗ್ರಿ ದಾಟತ್ತೆ, ಮೆಲ್ಲಗೆ ಬೆರಳಿಂದ ಹಿಮ್ಮಡಿ ಕಡೆ ಸರೀತಾ ಹೋಗತ್ತೆ, ಅದರ ಮುಂದಿರೋ ಡಾಂಬರು ಕಾದು, ಮುರಿದು, ತೆಳ್ಳಗಾಗಿ ಕೆಳಗಿನ ಬಾವಿಗೆ ಇಳಿಯತ್ತೆ. ಉರಿಯೋಕೆ ಸೌದೆ ಯಾವ್ದು ಅಂದ್ರೆ, ಎಣ್ಣೆಯ ಹಗುರದ ಭಾಗ ಹಾರಿ ಹೋದ್ಮೇಲೆ ಮರಳಿಗೆ ಹತ್ಕೊಂಡು ಉಳಿಯೋ ಕೋಕ್. ಅಂದ್ರೆ ಕರಕಲು. ಒಳ್ಳೇದು ಹರ್ಕೊಂಡು ಹೋಗತ್ತೆ, ಸೀದಿದ್ದು ಉರುವಲಾಗತ್ತೆ. ಇಷ್ಟು ಅಚ್ಚುಕಟ್ಟು ನಾನು ಬೇರೆ ಯಾವ ಪ್ರೊಸೆಸ್ಸಲ್ಲೂ ನೋಡಿಲ್ಲ.

ಈ ಕೋಕ್ ಇನ್ನೊಂದು ಉಪಕಾರನೂ ಮಾಡತ್ತೆ. ಉರಿ ದಾಟಿ ಹೋದ ಜಾಗದಲ್ಲಿ ಬಾವಿ ಒಳಗೇ ಅದು ಕಟ್ಕೊಂಡು ಬಿರಡೆ ಹಾಕಿದ ಹಾಗೆ ಮುಚ್ಚಿಬಿಡತ್ತೆ, ಇಲ್ದಿದ್ರೆ ಊದಿದ ಗಾಳಿ ಸೀದಾ ಬಾವಿಗೇ ನುಗ್ಗಿ ಅಲ್ಲೇ ಬೆಂಕಿ ಹತ್ಕೊಂಡ್ಬಿಡತ್ತೆ. ಕೋಕ್ ಅನ್ನೋ ಹೆಸರು ನೆನಪಿಟ್ಕೊಳ್ಳಿ, ಇದೇ ಮುಂದೆ ತೊಂದರೆ ಕೊಡೋದು.

ಥಾಯ್ ಮೇಲೆ ಇನ್ನೊಂದು ಹೆಜ್ಜೆ ಕಾಪ್ರಿ. ಗ್ರೀವ್ಸ್ ಅವರ ಗುಂಪೂ ಕ್ಯಾಲ್ಗರಿಯ ಪೆಟ್ರೋಲಿಯಂ ರಿಕವರಿ ಇನ್‌ಸ್ಟಿಟ್ಯೂಟೂ ಸೇರಿ ಮಾಡಿದ್ದು. ಅಡ್ಡ ಬಾವಿ ಸುತ್ತ ಬಳೆ ತೊಡಿಸಿದ ಹಾಗೆ ಕ್ಯಾಟಲಿಸ್ಟ್ ಕಾಳುಗಳ ಒಂದು ಪದರ ತುಂಬೋದು, ಶಾಲೇಲಿ ವೇಗವರ್ಧಕ ಅಂತ ಓದಿದ್ವಲ್ಲ, ಅದೇ. ಕಾಳು ಅಂದ್ರೆ ಅಲ್ಯೂಮಿನಾ ಮೇಲೆ ಕೋಬಾಲ್ಟ್ ಮತ್ತೆ ಮಾಲಿಬ್ಡಿನಮ್, ಅಥವಾ ನಿಕಲ್ ಮತ್ತೆ ಮಾಲಿಬ್ಡಿನಮ್ ಲೇಪಿಸಿರೋದು, ರಿಫೈನರಿಗಳಲ್ಲಿ ಗಂಧಕ ತೆಗೆಯೋಕೆ ದಿನಾ ಬಳಸೋ ಅದೇ ಮಾಲು. ಬಿಸಿ ಎಣ್ಣೆ ಬಾವಿಗೆ ಇಳಿಯೋ ಮೊದಲು ಈ ಪದರ ದಾಟಲೇಬೇಕು, ದಾಟೋವಾಗ ಇನ್ನೊಂದು ಸಲ ಮುರಿಯತ್ತೆ. ಮುರಿದ ಕೊಂಡಿಗಳಿಗೆ ಹೈಡ್ರೋಜನ್ ಬೇಕಲ್ಲ, ಅದೂ ಅಲ್ಲೇ ಒಂದಿಷ್ಟು ಹುಟ್ಟತ್ತೆ, ಉರಿಯಿಂದ ಬಂದ ಕಾರ್ಬನ್ ಮೊನಾಕ್ಸೈಡು ನೀರಾವಿ ಜೊತೆ ಸೇರಿದ್ರೆ ಹೈಡ್ರೋಜನ್ ಬರತ್ತೆ. ಲ್ಯಾಬಲ್ಲಿ ಇದನ್ನ ಮಾಡಿ ತೋರಿಸಿದಾಗ ಎಣ್ಣೆ ಥಾಯ್ ಕೊಟ್ಟಿದ್ದಕ್ಕಿಂತ ಇನ್ನೂ ಹಲವು ಎಪಿಐ ಡಿಗ್ರಿ ಹಗುರ ಆಯ್ತು.

ನಾನು ಮಾಸ್ಟರ್ಸ್ ಮಾಡೋವಾಗ ಇಂಥದ್ದೇ ಒಂದು ಚಿಕ್ಕ ರಿಯಾಕ್ಟರ್ ನಡೆಸ್ತಿದ್ದೆ, ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ಬೇಕು, ಯಾಕಂದ್ರೆ ಇಡೀ ವಿಷಯ ನನಗೆ ಅರ್ಥ ಆಗಿದ್ದು ಅಲ್ಲಿ. ಒಂದು ಮೊಳ ಉದ್ದದ ಸ್ಟೀಲ್ ನಳಿಗೆ, ಒಳಗೆ ಕ್ಯಾಟಲಿಸ್ಟ್ ಕಾಳು, ಸುತ್ತ ಹೀಟರ್. ಹೊಸ ಕೋಬಾಲ್ಟ್-ಮಾಲಿಬ್ಡಿನಮ್ ಕಾಳು ನೋಡೋಕೆ ನೀಲಿ, ಶಂಖಪುಷ್ಪದ ಬಣ್ಣಕ್ಕೆ ಹತ್ರ, ಅಡ್ಡ ಸೀಳಿದ್ರೆ ಮೂರೆಸಳಿನ ಎಲೆ ಥರ ಆಕಾರ, ದಪ್ಪ ಒಂದೆರಡು ಮಿಲಿಮೀಟರ್. 400 ಡಿಗ್ರಿ ಹತ್ರ ಇಟ್ಟು ಬಿಟ್ಯುಮೆನ್ ಬಿಟ್ರೆ ಮೊದಲ ಗಂಟೆಗಳಲ್ಲಿ ಬರೋ ಎಣ್ಣೆ ನೋಡಿದ್ರೆ ಕಣ್ಣು ತುಂಬತ್ತೆ, ತಣ್ಣಗಾದ್ರೂ ಬಾಟ್ಲಿಲಿ ಅಲುಗಾಡತ್ತೆ, ಸುರಿದ್ರೆ ಸುರಿಯತ್ತೆ. ಬೆಂಕಿ ಇನ್ನಷ್ಟು ಏರಿಸಿ 420ರ ಆಚೆ ಹೋದ್ರೆ ಇನ್ನೂ ತೆಳ್ಳಗೆ, ಇನ್ನೂ ಚೆನ್ನ. ನಾನು ಏರಿಸಿದೆ. ಎರಡನೇ ದಿನ ರಾತ್ರಿ ಪ್ರೆಶರ್ ಗೇಜ್ ಮುಳ್ಳು ಏರೋಕೆ ಶುರು ಆಯ್ತು, ಒಳಗೆ ಹೋಗೋ ಕಡೆ ಒತ್ತಡ ಜಾಸ್ತಿ, ಹೊರಗೆ ಬರೋ ಕಡೆ ಕಮ್ಮಿ, ನಡುವೆ ಏನೋ ಕಟ್ಕೊಳ್ತಾ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಹರಿವು ನಿಂತೇ ಹೋಯ್ತು.

ತಣ್ಣಗಾದ್ಮೇಲೆ ನಳಿಗೆ ಬಿಚ್ಚಿದ್ವಿ. ಕಾಳುಗಳು ಬಿಡಿಬಿಡಿಯಾಗಿ ಇರ್ಲೇ ಇಲ್ಲ, ಒಂದಕ್ಕೊಂದು ಬೆಸೆದು ಕಪ್ಪು ಕಲ್ಲಿನ ಹಾಗೆ ಆಗಿತ್ತು, ರಾಡ್ ಹಾಕಿ ಕುಟ್ಟಿ ತೆಗೀಬೇಕಾಯ್ತು. ಒಂದು ಕಾಳನ್ನ ಬ್ಲೇಡಲ್ಲಿ ಸೀಳಿ ನೋಡಿದೆ, ನೀಲಿ ಎಲ್ಲೂ ಇಲ್ಲ, ನಟ್ಟನಡುವಿನ ತನಕ ಕಪ್ಪು. ಕ್ಯಾಟಲಿಸ್ಟ್ ಕೆಲಸ ಮಾಡೋದು ಅದರೊಳಗಿನ ಸೂಕ್ಷ್ಮ ರಂಧ್ರಗಳಲ್ಲಿ, ಆ ರಂಧ್ರಗಳ ಬಾಯಿಗೇ ಕೋಕ್ ಕೂತ್ರೆ ಒಳಗೆ ಎಷ್ಟು ಕೋಬಾಲ್ಟ್ ಇದ್ರೂ ವ್ಯರ್ಥ. ಜೊತೆಗೆ ಎಣ್ಣೇಲಿರೋ ನಿಕಲ್, ವನೇಡಿಯಂ ಕೂಡ ಅಲ್ಲೇ ಬಂದು ಕೂರತ್ತೆ.

ಅವತ್ತು ಸಂಜೆ ಅಪ್ಪಯ್ಯ ಫೋನ್ ಮಾಡಿದ್ರು, ದನಿ ಕೇಳಿ ಏನಾಯ್ತು ಅಂದ್ರು. ರಿಯಾಕ್ಟರ್ ಸೀದು ಹೋಯ್ತು ಅಪ್ಪಯ್ಯ ಅಂದೆ, ಹೀಗೀಗೆ ಅಂತ ವಿವರ ಹೇಳಿದೆ. ನಮ್ಮ ಮನೇಲಿ ಕಬ್ಬಿನ ಆಲೆಮನೆ ಇತ್ತು, ಅವರು ವರ್ಷಗಟ್ಟಲೆ ಕೊಪ್ಪರಿಗೆ ಮುಂದೆ ನಿಂತವರು, ಹದ ಒಂದು ಗಳಿಗೆ ತಪ್ಪಿದ್ರೆ ಬೆಲ್ಲ ತಳ ಹಿಡಿಯೋದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು, "ನಮ್ಮ ಕೊಪ್ಪರಿಗೆ ತಳ ಹಿಡಿದ್ರೆ ಇಳಿಸಿ, ನೀರು ಹಾಕಿ ನೆನೆಸಿ, ಮರಳು ಹಾಕಿ ತಿಕ್ತೀವಿ. ನೀವು ನೆಲದಡಿ ಇಟ್ಟಿದ್ದನ್ನ ತಿಕ್ಕೋಕೆ ಯಾರನ್ನ ಇಳಿಸ್ತೀರೋ ಮಗಾ?"

ನಾನು ಓದಿದ ಎಷ್ಟೋ ಪೇಪರ್‌ಗಳಲ್ಲಿ ಈ ಪ್ರಶ್ನೆ ಇಷ್ಟು ನೇರವಾಗಿ ಇರ್ಲಿಲ್ಲ. ರಿಫೈನರಿಲಿ ಇದಕ್ಕೆ ಉತ್ತರ ಇದೆ. ಕ್ಯಾಟಲಿಸ್ಟ್ ಸತ್ರೆ ಶಟ್‌ಡೌನ್ ತಗೊಂಡು ಹೊಸದು ತುಂಬ್ತಾರೆ. ಭಾರಿ ತೈಲಕ್ಕೆ ಅದೂ ಸಾಲಲ್ಲ ಅಂತ ಕಾಳುಗಳು ಕುದಿಯೋ ಹಾಗೆ ತೇಲಾಡೋ ರಿಯಾಕ್ಟರ್ ಇಟ್ಟಿರ್ತಾರೆ, ನಡೀತಾ ಇರೋವಾಗಲೇ ಹಳೇದನ್ನ ಸ್ವಲ್ಪ ತೆಗೆದು ಹೊಸದನ್ನ ಸ್ವಲ್ಪ ಹಾಕ್ತಾ ಇರ್ತಾರೆ. ಅಲ್ಲಿ ಕೈ ಹಾಕೋಕೆ ಜಾಗ ಇದೆ. ನೂರಾರು ಮೀಟರ್ ಆಳದಲ್ಲಿ, ಮರಳು ಸುತ್ತುವರಿದ ಬಾವಿ ಸುತ್ತ ತುಂಬಿದ ಕಾಳನ್ನ ಯಾರು ಬದಲಾಯಿಸ್ತಾರೆ? ಥಾಯ್‌ಗೆ ಸೌದೆ ಆಗಿ, ಬಿರಡೆ ಆಗಿ ಕಾಪಾಡಿದ ಅದೇ ಕೋಕ್ ಕಾಪ್ರಿಗೆ ಬಂದಾಗ ಕುತ್ತಿಗೆ ಹಿಸುಕತ್ತೆ.

ಕಾಪ್ರಿ ಪರವಾಗಿ ಒಂದು ಒಳ್ಳೆ ವಾದ ಇದೆ, ಅದನ್ನ ಹೇಳದೆ ಬಿಟ್ರೆ ಅನ್ಯಾಯ. ಉರಿ ಸರೀತಾ ಹೋಗೋದ್ರಿಂದ ಬಾವಿಯ ಪ್ರತಿ ತುಂಡಿನ ಮೇಲೂ ಬಿಸಿ ಎಣ್ಣೆ ಇಳಿಯೋದು ಕೆಲವೇ ಕಾಲ, ಆಮೇಲೆ ಸರದಿ ಮುಂದಿನ ತುಂಡಿಗೆ. ಹಾಗಾಗಿ ಒಂದೊಂದು ಜಾಗದ ಕ್ಯಾಟಲಿಸ್ಟು ವರ್ಷಗಟ್ಟಲೆ ಬದುಕಬೇಕಾಗಿಲ್ಲ, ತನ್ನ ಪಾಳಿ ಮುಗಿಯೋ ತನಕ ಬದುಕಿದ್ರೆ ಸಾಕು. ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಲಿ ಜೋ ವುಡ್ ಅವರ ಗುಂಪು ಈ ಪಾಳಿನ ಉದ್ದ ಮಾಡೋಕೆ ತುಂಬಾ ಕೆಲಸ ಮಾಡ್ತು, ಬಿಸಿ ಎಷ್ಟಿರ್ಬೇಕು, ಹರಿವು ಎಷ್ಟಿರ್ಬೇಕು, ಕ್ಯಾಟಲಿಸ್ಟ್ ಮುಂದೆ ಇದ್ದಿಲ ಪದರ ಇಟ್ಟು ಕೋಕ್‌ನ ಅಲ್ಲೇ ಹಿಡಿದ್ರೆ ಹೇಗೆ, ಹೈಡ್ರೋಜನ್ ಜೊತೆಗೆ ಬಿಟ್ರೆ ಹೇಗೆ, ಎಲ್ಲ ನೋಡಿದ್ರು. ಹೈಡ್ರೋಜನ್ ಬಿಟ್ರೆ ಕೋಕ್ ಕಮ್ಮಿ ಆಗತ್ತೆ. ಬಿಸಿ ಏರಿಸಿದ್ರೆ ಎಣ್ಣೆ ಹಗುರ ಆಗತ್ತೆ ಆದ್ರೆ ಕ್ಯಾಟಲಿಸ್ಟ್ ಬೇಗ ಸಾಯತ್ತೆ. ಎರಡೂ ಕೈಗೆ ಒಟ್ಟಿಗೆ ಸಿಗಲ್ಲ.

ಲ್ಯಾಬ್ ಬಿಟ್ಟು ನೆಲಕ್ಕೂ ಇಳಿಸಿ ನೋಡಿದ್ರು. ಆಲ್ಬರ್ಟಾದ ಕಾಂಕ್ಲಿನ್ ಹತ್ರ ವೈಟ್‌ಸ್ಯಾಂಡ್ಸ್ ಅನ್ನೋ ಜಾಗದಲ್ಲಿ ಪೆಟ್ರೋಬ್ಯಾಂಕ್ ಕಂಪನಿ 2006ರಲ್ಲಿ ಥಾಯ್ ಶುರು ಮಾಡ್ತು, 2008ರಲ್ಲಿ ಒಂದು ಬಾವಿಗೆ ಕಾಪ್ರಿ ಪದರನೂ ಹಾಕಿದ್ರು. ನೆಲದಡಿ ಬೆಂಕಿ ಹತ್ತತ್ತೆ, ನಿಲ್ಲತ್ತೆ, ಮೇಲೆ ಬರೋ ಎಣ್ಣೆ ಹಗುರ ಆಗತ್ತೆ ಅನ್ನೋದು ಅಲ್ಲಿ ಸಾಬೀತಾಯ್ತು, ಗ್ಯಾಸಲ್ಲಿ ಹೈಡ್ರೋಜನ್ನೂ ಕಂಡ್ತು. ಆದ್ರೆ ಎಣ್ಣೆ ಜೊತೆ ಮರಳು ಬಂದು ಕಾಟ ಕೊಡ್ತು, ಲ್ಯಾಬಲ್ಲಿ ಕಂಡಷ್ಟು ಹಗುರ ಅಲ್ಲಿ ಆಗ್ಲಿಲ್ಲ, ಕೊನೆಗೆ ಅದು ನಿಂತು ಹೋಯ್ತು. ಸಸ್ಕಾಚೆವಾನ್‌ನ ಕೆರಾಬರ್ಟ್‌ನಲ್ಲೂ ಮಾಡಿದ್ರು, ಅದೂ ದೊಡ್ಡದಾಗಿ ಬೆಳೀಲಿಲ್ಲ. ಆ ಕೆರಾಬರ್ಟ್ ಜಾಗನೇ ಆಮೇಲೆ ಪ್ರೋಟಾನ್ ಟೆಕ್ನಾಲಜೀಸ್ ಅನ್ನೋರು ತಗೊಂಡು, ಎಣ್ಣೆ ಬದಲು ನೆಲದಡಿಯಿಂದ ಹೈಡ್ರೋಜನ್ ತೆಗೆಯೋ ಪ್ರಯತ್ನಕ್ಕೆ ಇಳಿದ್ರು, ಆ ಕಥೆ ಇನ್ನೊಂದು ದಿನ ಬರೀತೀನಿ.

ನೆಲದಡಿ ಬೆಂಕಿ ಅಂದ ತಕ್ಷಣ ಇದೇನೋ ಹುಚ್ಚು ಸಾಹಸ ಅನ್ಕೋಬೇಡಿ, ನಮ್ಮ ದೇಶದಲ್ಲೇ ಇದನ್ನ ದಶಕಗಳಿಂದ ಮಾಡ್ತಿದಾರೆ. ಗುಜರಾತಿನ ಮೆಹಸಾಣಾ ಕಡೆ ಬಾಲೋಲ್ ಮತ್ತೆ ಸಂಥಾಲ್ ಅಂತ ಎರಡು ತೈಲಕ್ಷೇತ್ರ, ಓಎನ್‌ಜಿಸಿಯವರು 1990ರಲ್ಲಿ ಬಾಲೋಲ್‌ನಲ್ಲಿ ಪೈಲಟ್ ಶುರು ಮಾಡಿ 1997ರಿಂದ ದೊಡ್ಡ ಪ್ರಮಾಣದಲ್ಲಿ ನಡೆಸಿದ್ರು, ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ. ಅಲ್ಲಿನ ಎಣ್ಣೆ ಅಥಾಬಾಸ್ಕಾದಷ್ಟು ಗಟ್ಟಿ ಅಲ್ಲ, ಬಾವಿಗಳೂ ಬೇರೆ ಥರ, ಕ್ಯಾಟಲಿಸ್ಟ್ ಇಲ್ಲ. ಆದ್ರೆ ಗಾಳಿ ಊದಿ, ಬೆಂಕಿ ಹತ್ತಿಸಿ, ಅದನ್ನ ಹದ್ದುಬಸ್ತಲ್ಲಿ ಇಟ್ಟು ವರ್ಷಗಟ್ಟಲೆ ನಡೆಸೋ ವಿದ್ಯೆ ಆ ಎಂಜಿನಿಯರ್‌ಗಳ ಕೈಲಿದೆ. ಸುರತ್ಕಲ್‌ನಲ್ಲಿ ಕೆಮಿಕಲ್ ಓದೋವಾಗ ನಮಗೆ ಯಾರೂ ಈ ಹೆಸರು ಹೇಳ್ಲಿಲ್ಲ, ನಾನು ಬಾಲೋಲ್ ಬಗ್ಗೆ ಮೊದಲು ಓದಿದ್ದು ಕೆನಡಾದ ಲೈಬ್ರರೀಲಿ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ನಮ್ಮ ಹುಡುಗ್ರು ಹುಡುಗೀರಿಗೆ ಇದನ್ನ ಪಾಠ ಮಾಡ್ಬೇಕು.

ಅಪ್ಪಯ್ಯನ ಪ್ರಶ್ನೆಗೆ ವಾಪಸ್ ಬರ್ತೀನಿ. ಕೊಪ್ಪರಿಗೆ ತಿಕ್ಕೋಕೆ ಆಗಲ್ಲ ಅಂದ್ರೆ ತಳ ಹಿಡಿಯದ ಹಾಗೆ ಮಾಡ್ಬೇಕು, ಇಲ್ಲಾ ಕ್ಯಾಟಲಿಸ್ಟನ್ನ ಒಂದು ಕಡೆ ಕೂರಿಸೋದನ್ನೇ ಬಿಡ್ಬೇಕು. ಮೊದಲನೇ ದಾರಿ ಅಂದ್ರೆ ಕಮ್ಮಿ ಬಿಸಿ. 1980ರ ದಶಕದಲ್ಲಿ ಇಲ್ಲೇ ಆಲ್ಬರ್ಟಾದಲ್ಲಿ ಜೆ. ಬಿ. ಹೈನ್ ಅನ್ನೋರು ಮತ್ತೆ ಅವರ ಜೊತೆಯವರು ಗಮನಿಸಿದ್ದು, ಬರೀ ಹಬೆ ತಾಗಿದ್ರೂ 200-300 ಡಿಗ್ರಿಲೇ ಬಿಟ್ಯುಮೆನ್ ಸ್ವಲ್ಪ ಮಟ್ಟಿಗೆ ಮುರಿಯತ್ತೆ ಅಂತ. ದೊಡ್ಡ ಅಣುಗಳನ್ನ ಕಟ್ಟಿಟ್ಟಿರೋದು ಎಷ್ಟೋ ಕಡೆ ಕಾರ್ಬನ್-ಗಂಧಕದ ಕೊಂಡಿ, ಅದು ಬಡಪಾಯಿ ಕೊಂಡಿ, ಬೇಗ ಬಿಡತ್ತೆ. ನೀರಲ್ಲಿ ಕರಗೋ ಲೋಹದ ಲವಣ ಹಬೆ ಜೊತೆ ಕಳಿಸಿದ್ರೆ ಇನ್ನೂ ಚುರುಕು. ಇದಕ್ಕೆ ಅಕ್ವಾಥರ್ಮಾಲಿಸಿಸ್ ಅಂತ ಹೆಸರಿಟ್ರು. ಚೀನಾದ ಲಿಯಾವೋಹೆ ತೈಲಕ್ಷೇತ್ರದಲ್ಲಿ ಇದನ್ನ ಬಾವಿಗಳಲ್ಲಿ ಮಾಡಿ ನೋಡಿದಾರೆ, ರಷ್ಯಾದ ಕಜಾನ್ ಯೂನಿವರ್ಸಿಟಿಯೋರು ಟಾಟರ್‌ಸ್ತಾನದ ಭಾರಿ ತೈಲಕ್ಕೆ ಇದರ ಮೇಲೆ ತುಂಬಾ ಕೆಲಸ ಮಾಡಿದಾರೆ. ಇಲ್ಲಿ ಸಿಗೋ ಲಾಭ ಚಿಕ್ಕದು, ಆದ್ರೆ ಹೇಗೂ ಹಬೆ ಬಿಡ್ತಾ ಇರೋ ಜಾಗದಲ್ಲಿ ಹೊಸ ಬಾವಿ ಕೊರೀದೇ ಮಾಡ್ಬಹುದು.

ಎರಡನೇ ದಾರಿನೇ ನನ್ನ ಮನಸ್ಸಿಗೆ ಹತ್ರ. ಇಲ್ಲಿ ಕ್ಯಾಲ್ಗರಿ ಯೂನಿವರ್ಸಿಟಿಲಿ ಪೆಡ್ರೋ ಪೆರೇರಾ-ಅಲ್ಮಾವೋ ಅವರ ಗುಂಪು ಬೆಳೆಸಿದ್ದು. ಕ್ಯಾಟಲಿಸ್ಟನ್ನ ಕಾಳು ಮಾಡ್ಬೇಡಿ, ನ್ಯಾನೋ ಕಣ ಮಾಡಿ, ಮರಳಿನ ಸಂದಿಗಿಂತ ಎಷ್ಟೋ ಚಿಕ್ಕದು. ಮೇಲೆ ಬಂದ ಎಣ್ಣೇಲಿ ಹಗುರದ್ದನ್ನ ಬೇರೆ ಮಾಡಿ, ಉಳಿದ ಗಸಿ ಇದ್ಯಲ್ಲ, ಅದನ್ನೇ ಬಿಸಿ ಮಾಡಿ, ಅದರಲ್ಲಿ ನಿಕಲ್, ಟಂಗ್‌ಸ್ಟನ್, ಮಾಲಿಬ್ಡಿನಮ್ ಕಣ ಕಲಸಿ, ಹೈಡ್ರೋಜನ್ ಜೊತೆ ಮತ್ತೆ ಕೆಳಗೆ ಕಳಿಸೋದು. ಬಿಸಿ ಹೊತ್ಕೊಂಡು ಹೋಗೋದೂ ಅದೇ ಗಸಿ, ಮುರಿಯೋದೂ ಅದೇ ಗಸಿ. ಕಣಗಳು ಮರಳಿನ ಮೈಗೆ ಅಲ್ಲಲ್ಲಿ ಅಂಟಿಕೊಂಡು ಅಲ್ಲೇ ಕೆಲಸ ಮಾಡತ್ವೆ, ಬಾವಿ ಸುತ್ತಲಿನ ನೆಲನೇ ರಿಯಾಕ್ಟರ್ ಆಗತ್ತೆ. ಕಾಳಿನ ಹಾಗೆ ಉದ್ದುದ್ದ ರಂಧ್ರ ಇಲ್ಲ, ಮುಚ್ಚಿ ಹೋಗೋಕೆ ಬಾಯಿ ಇಲ್ಲ, ಹೈಡ್ರೋಜನ್ ಜೊತೆಗಿರೋದ್ರಿಂದ ಕೋಕ್ ಕಮ್ಮಿ, ಮತ್ತೆ ಎಲ್ಲಕ್ಕಿಂತ ಮುಖ್ಯ, ಒಂದಷ್ಟು ಸತ್ರೆ ಮೇಲಿಂದ ಹೊಸದನ್ನ ಮತ್ತೆ ಕಳಿಸ್ಬಹುದು. ಕೈ ಹಾಕೋಕೆ ಜಾಗ ಸಿಕ್ತು.

ಖರ್ಚು ಇದೆ. ಹೈಡ್ರೋಜನ್ ಪುಕ್ಕಟೆ ಬರಲ್ಲ, ಕಣ ಎಲ್ಲಿಗೆ ಹೋಗಿ ಕೂರ್ಬೇಕೋ ಅಲ್ಲೇ ಕೂರೋ ಹಾಗೆ ಮಾಡೋದು ಕಷ್ಟ, ಬಾವಿ ಬಾಯಲ್ಲೇ ಎಲ್ಲ ಕೂತು ಕಟ್ಟಿದ್ರೆ ಮತ್ತೆ ಅದೇ ಕಥೆ. ಇನ್ನೊಂದು ಮಾತೂ ಇದೆ, ಈ ಕಾಲದಲ್ಲಿ ಇನ್ನೂ ಎಣ್ಣೆ ಹಿಂದೆ ಯಾಕೆ ಅಂತ ತಂಗಿ ಪ್ರತಿ ಸಲ ಕೇಳ್ತಾಳೆ, ಅವಳು ಕೇಳೋದು ಸರಿಯಾಗೇ ಇದೆ. ನನ್ನ ಉತ್ತರ ಇಷ್ಟೇ, ಇವತ್ತು ಹೇಗೂ ದಿನಕ್ಕೆ ಲಕ್ಷಾಂತರ ಬ್ಯಾರೆಲ್ ತೆಗೀತಾನೇ ಇದಾರೆ, ಹಬೆಗೆ ಅಂತ ಗ್ಯಾಸ್ ಉರಿಸ್ತಾನೇ ಇದಾರೆ, ಅದರಲ್ಲಿ ಒಂದು ಸಲದ ಬಿಸಿ, ಒಂದಷ್ಟು ನೀರು ಉಳಿಸೋಕೆ ಆದ್ರೆ ಆ ಕೆಲಸಕ್ಕೆ ನನ್ನ ವರ್ಷಗಳನ್ನ ಕೊಡೋದು ನನಗೆ ಒಪ್ಪಿಗೆ.

ಹೋದ ತಿಂಗಳು ನನ್ನ ಜೊತೆ ಓದಿದ ಗೆಳತಿಯೊಬ್ಬಳ ಲ್ಯಾಬಿಗೆ ಹೋಗಿದ್ದೆ, ಅವಳು ಈಗ ಈ ನ್ಯಾನೋ ಕಣಗಳ ಮೇಲೇ ಕೆಲಸ ಮಾಡೋದು. ಮರಳು ತುಂಬಿದ ನಳಿಗೇಲಿ ಒಂದು ಟೆಸ್ಟ್ ಮುಗಿಸಿ ಅವತ್ತೇ ಬಿಚ್ತಾ ಇದ್ಲು. ನಾನು ಸುತ್ತಿಗೆ, ರಾಡು ಎಲ್ಲಿದೆ ಅಂತ ಕಣ್ಣಲ್ಲೇ ಹುಡುಕ್ತಿದ್ದೆ, ಹಳೇ ಅಭ್ಯಾಸ. ಅವಳು ನಳಿಗೆ ಬಗ್ಗಿಸಿ ಮೆಲ್ಲಗೆ ತಟ್ಟಿದ್ಲು ಅಷ್ಟೇ, ಮರಳು ತಾನಾಗೇ ಟ್ರೇಗೆ ಜಾರಿತು. ಕಂದು ಬಣ್ಣ, ನಮ್ಮ ಕಡೆ ಹೊಳೆ ಮರಳಿಗಿಂತ ಸ್ವಲ್ಪ ಗಾಢ. ಒಂದು ಹಿಡಿ ತಗೊಂಡು ಹಿಸುಕಿದೆ, ಉಂಡೆ ಕಟ್ಲಿಲ್ಲ, ಬೆರಳ ಸಂದಿಯಿಂದ ಉದುರಿ ಹೋಯ್ತು.

ಫೋಟೋ ತೆಗೆದು ಅಪ್ಪಯ್ಯನಿಗೆ ವಾಟ್ಸಾಪಲ್ಲಿ ಕಳಿಸಿದೆ. ರಾತ್ರಿ ಉತ್ತರ ಬಂತು, "ಚೆನ್ನಾಗಿದೆ. ಎಷ್ಟು ದಿನ ಉರಿ ಕೊಟ್ಟಿದ್ದು?"

ಎಂಟು ದಿನ ಅಂತ ಬರೆದೆ. ಅವಳು ಮೂರು ತಿಂಗಳದ್ದು ಈಗ ಹಚ್ಚಿದಾಳೆ.